ವೆನಿಲಾ ಪೈಪ್ ತಂಬಾಕು: ಘಮ ಸೂಪರ್, ನಾಲಿಗೆ ಮಾತ್ರ ಚುರುಚುರು

ಜೆರ್ಸಿಮಾವ: ಇಲ್ಲಿ ನ್ಯೂಜೆರ್ಸಿ ಅಂಗಡೀಲಿ ಜಾಡಿಯಿಂದ 2 ಔನ್ಸ್ ತೂಗಿಸ್ಕೊಂಡ್ ಬಂದೆ, ಮೈಲ್ಡ್ ವೆನಿಲಾ, ಬ್ಲ್ಯಾಕ್ ಕ್ಯಾವೆಂಡಿಶ್ (ಆವೀಲಿ ಬೇಯಿಸಿ ಕಪ್ಪಗೆ ಮಾಡಿದ ತಂಬಾಕು) ಜಾಸ್ತಿ ಇರೋದು, ಮೂಸಿದ್ರೆ ಬೇಕರಿ ಬಾಗ್ಲಲ್ಲಿ ನಿಂತಂಗೆ ಆದ್ರೆ ಸೇದಿದ್ರೆ ವೆನಿಲಾನೇ ಸಿಗಲ್ಲ, ನಾಲಿಗೆ ಉರಿ, ಪೈಪೊಳಗೆ ಗೊಳಗೊಳ ಸದ್ದು ಬೇರೆ. ಏನ್ ತಪ್ ಮಾಡ್ತಿದೀನಿ?

ಬೂದಿಬಸಪ್ಪ: ಒದ್ದೆ ಇದೆ ಗುರು ಅದು. ಪೇಪರ್ ಮೇಲೆ ಹರಡಿ ಅರ್ಧ ಗಂಟೆ ಬಿಡಿ. ಸಿಗರೇಟ್ ಥರ ಎಳೀಬೇಡಿ, ಬಿಸಿ ಕಾಫಿ ಗುಟುಕಿಸ್ದಂಗೆ ನಿಧಾನ, ಹೊಗೆ ಬಾಯಲ್ಲೇ ಇರ್ಲಿ.

ತೋಟದಮನೆ: ವೆನಿಲಾನ ತಂಬಾಕಿನ ಮೇಲೆ ಚಿಮುಕಿಸಿರೋದು ಅಷ್ಟೇ, ಪಕ್ಕದಲ್ ಕೂತೋರಿಗೇ ಲಾಭ 😄 ಮೈಲ್ಡ್ ಅಂದ್ರೂ ನಿಕೋಟಿನ್ ಇದ್ದೇ ಇರುತ್ತೆ, ಖಾಲಿ ಹೊಟ್ಟೇಲಿ ಬೇಡ.

ಜೆರ್ಸಿಮಾವ: ಒಣಗಿಸ್ದೆ, ಗೊಳಗೊಳ ನಿಂತೋಯ್ತು. ಅರ್ಧ ಬೌಲ್ (ಪೈಪಲ್ಲಿ ತಂಬಾಕು ತುಂಬೋ ಬಟ್ಟಲು) ಆದ್ಮೇಲೆ ಸಣ್ಣಗೆ ತಳ ಹಿಡಿದ ಪಾಯಸದಂಥ ಸಿಹಿ. ಮನೆಯವ್ಳು "ರೀ, ಕೇಕ್ ಇಟ್ಟಿದೀರಾ?" ಅಂತ ಬಾಲ್ಕನಿಗೇ ಬಂದ್ಲು.