ಕೋಳಿ ಫೀಡಿಗೆ ಹಾಕೋ ಮೀನಿನ ಪುಡಿ ಒಂದೊಂದು ವರ್ಷ ಯಾಕೆ ಸಿಗಲ್ಲ?

ಪ್ರಶ್ನೆ (ಚಿಂತಾಮಣಿ ನಾಟಿಕೋಳಿ):
ಫೀಡು ನಾನೇ ಕಲಸುತ್ತೇನೆ. ಮುಸುಕಿನ ಜೋಳ, ಸೋಯಾ ಹಿಂಡಿ, ಸ್ವಲ್ಪ ಮೀನಿನ ಪುಡಿ. ಪುಡಿ ರೇಟು ಕೇಳಿದರೆ ಭಯ ಆಗುತ್ತದೆ. ಅಂಗಡಿಯವರು "ಮಂಗಳೂರಲ್ಲಿ ಬೂತಾಯಿ ಇಲ್ಲ ಸಾರ್" ಅಂತಾರೆ. ಅಷ್ಟು ದೊಡ್ಡ ಸಮುದ್ರದಲ್ಲಿ ಒಂದು ಮೀನು ಹೇಗೆ ಖಾಲಿಯಾಗುತ್ತದೆ? ಗೊತ್ತಿದ್ದವರು ಹೇಳಿ.

ಉತ್ತರ (ಶ್ರೀನಿವಾಸಪುರದವನು):
ಅಣ್ಣಾ, ಅವರು ಹೇಳಿದ್ದು ನಿಜ ಇರಬಹುದು. ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಲ್ಲಿ ಓದಿದವನು. ಬೂತಾಯಿ ಗೇಣುದ್ದದ ಮೀನು, ಬದುಕೋದು ಸುಮಾರು ಎರಡೂವರೆ ವರ್ಷ. ಅದರ ಬಾಳೆಲ್ಲ ಮುಂಗಾರಿನ ಮೇಲೆ. ಆಗ ಕಡಲ ತಳದ ತಣ್ಣನೆ ನೀರು ಸತ್ವ ಹೊತ್ತು ಮೇಲೆ ಬರುತ್ತದೆ, ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿ ಸಿಕ್ಕರೆ ಕಿವಿರು ಎತ್ತಿ ನೋಡಿ. ಒಳಗೆ ಸಣ್ಣ ಎಳೆಗಳು ಬಾಚಣಿಗೆ ಹಲ್ಲಿನ ಹಾಗೆ ಒತ್ತಾಗಿರುತ್ತವೆ. ನೀರು ಅದರಲ್ಲಿ ಹಾದು ಹೋಗುತ್ತದೆ, ಪಾಚಿ ಹೊಟ್ಟೆ ಸೇರುತ್ತದೆ. ಮೊಟ್ಟೆ ಇಡೋದೂ ಮಳೆಗಾಲದಲ್ಲೇ. ಆಗ ಮೇವು ಕೈಕೊಟ್ಟರೆ ಮರಿ ಉಳಿಯಲ್ಲ. ಆಯಸ್ಸು ಕಮ್ಮಿ, ಹಳೇ ಮೀನಿನ ದಾಸ್ತಾನೂ ಇರಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ 3,500 ಟನ್ನೂ ಸಿಗಲಿಲ್ಲ!

ನನಗೆ ಹೊಟ್ಟೆ ಉರಿಯೋದು ಮರಿಗಳ ವಿಷಯಕ್ಕೆ. ಹಿಂಡಾಗಿ ಓಡಾಡುವ ಮೀನು, ಪರ್ಸೀನ್ ಬಲೆ ಸುತ್ತಿದರೆ ಇಡೀ ಹಿಂಡೇ ಬೋಟಿಗೆ ಬರುತ್ತದೆ. 10 ಸೆಂಟಿಮೀಟರಿಗಿಂತ ಚಿಕ್ಕದು ಹಿಡಿಯಬಾರದು ಅಂತ ವಿಜ್ಞಾನಿಗಳು ಹೇಳಿದ್ದಾರೆ. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಅದಕ್ಕೆ ಮರಿಗಳನ್ನೇ ಸುರಿದರೆ ಮುಂದಿನ ವರ್ಷ ಮೊಟ್ಟೆ ಇಡೋದು ಯಾವುದು?

ಉತ್ತರ (ಶಿಡ್ಲಘಟ್ಟ ರೀಲರ್):
ನಮ್ಮಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆದ ಮೇಲೆ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು, ಉಳಿಯುತ್ತದೆ. ಒಣಗಿಸಿ ಪುಡಿ ಮಾಡಿದರೆ ಪ್ರೋಟೀನು ಚೆನ್ನಾಗಿದೆ. ವಾಸನೆ ಮಾತ್ರ ಜೋರು, ಎಣ್ಣೆ ತೆಗೆದದ್ದೇ ತಗೊಳ್ಳಿ, ಜಾಸ್ತಿ ದಿನ ಇರುತ್ತದೆ.

ಉತ್ತರ (ಚಿಂತಾಮಣಿ ನಾಟಿಕೋಳಿ):
ಇಬ್ಬರಿಗೂ ಥ್ಯಾಂಕ್ಸ್. ಪ್ಯೂಪಾ ಸ್ವಲ್ಪ ಸ್ವಲ್ಪ ಬೆರೆಸಿ ನೋಡುತ್ತೇನೆ. ಮೀನಿನ ಪುಡಿಯಲ್ಲಿ ಮರಳು, ಉಪ್ಪು ಬೆರೆಸ್ತಾರೆ ಅಂತಾರೆ, ಹೌದಾ?

ಉತ್ತರ (ಶ್ರೀನಿವಾಸಪುರದವನು):
ಹೌದು. ಒಂದು ಹಿಡಿ ನೀರಿಗೆ ಹಾಕಿ ಕಲಕಿ, ತಳಕ್ಕೆ ಇಳಿದದ್ದನ್ನು ಬೆರಳಲ್ಲಿ ಉಜ್ಜಿ. ಮರಳಿದ್ದರೆ ಗೊತ್ತಾಗುತ್ತದೆ. ಉಪ್ಪು ಜಾಸ್ತಿಯಾದರೆ ಕೋಳಿ ಸುಮ್ನೆ ನೀರು ಕುಡಿಯುತ್ತಲೇ ಇರುತ್ತದೆ, ಹಿಕ್ಕೆ ತೆಳ್ಳಗಾಗುತ್ತದೆ. ಅಂಥ ಚೀಲ ವಾಪಸ್ ಕೊಡಿ.