ವಿಡಿಯೊ ತರಗತಿಯಲ್ಲಿ ಸಿಪಿಆರ್ ಕೈಗೆ ಹತ್ತುತ್ತದೆಯೇ?

ಪ್ರಶ್ನೆ (ಸುರಪುರ): ನಮ್ಮ ಆರೋಗ್ಯ ಕೇಂದ್ರದ ಶುಶ್ರೂಷಕಿಯರಿಗೆ ಕಲಬುರಗಿಯಿಂದ ವಿಡಿಯೊ ಮೂಲಕ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಟ್ಟು ಬದುಕಿಸಲು ಮಾಡುವ ತುರ್ತು ಚಿಕಿತ್ಸೆ) ತರಬೇತಿ ನಡೆಯುತ್ತಿದೆ. ಕ್ರಮವೆಲ್ಲ ಬಾಯಿಪಾಠವಾಗಿದೆ, ಆದರೆ ಎದೆಯನ್ನು ಎಷ್ಟು ಒತ್ತಬೇಕೆಂಬುದು ಪರದೆ ನೋಡಿ ತಿಳಿಯುವುದೇ ಎಂಬ ಅನುಮಾನ ನನಗಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ಬೀದರ್): ಪರದೆಯನ್ನಷ್ಟೇ ನೆಚ್ಚಿದರೆ ತಿಳಿಯುವುದಿಲ್ಲ, ಮೇಡಂ. ವಯಸ್ಕರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿಯ ವೇಗದಲ್ಲಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿ, ಪ್ರತಿ ಸಲವೂ ಅದು ಪೂರ್ತಿ ಮೇಲೇಳಲು ಬಿಡಬೇಕಾದ್ದರಿಂದ, ಸರಿಯಾದ ಆಳ ತಲುಪಿದಾಗ ಟಕ್ಕೆನ್ನುವ ತರಬೇತಿ ಬೊಂಬೆ ನಿಮ್ಮ ಕೇಂದ್ರದಲ್ಲೇ ಇರಬೇಕು. ಮೊಬೈಲನ್ನು ಎದುರಿಗಲ್ಲ, ಪಕ್ಕಕ್ಕಿಡಿ. ಮೊಣಕೈ ಮಡಚಿದೆಯೇ, ಭುಜ ಅಂಗೈಯ ನೇರಕ್ಕಿದೆಯೇ ಎಂಬುದು ಶಿಕ್ಷಕರಿಗೆ ಆಗಲೇ ಕಾಣುವುದು.

ಉತ್ತರ (ಯಾದಗಿರಿ): ಶಿಕ್ಷಕರ ಎಣಿಕೆಗೆ ತಕ್ಕಂತೆ ಒತ್ತಲು ಹೋಗಬೇಡಿ. ನಮ್ಮ ಕಡೆಯ ನೆಟ್‌ವರ್ಕಿನಲ್ಲಿ (ಅದು ಸಿಕ್ಕ ದಿನ) ಧ್ವನಿ ತಡವಾಗಿ, ತುಂಡುತುಂಡಾಗಿ ಬಂದು ಲಯ ಕೆಡುತ್ತದೆ. ಸ್ಥಳದಲ್ಲೇ ಲಯಕ್ಕೆ ಸರಿಯಾಗಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಆ್ಯಪ್ ಹಚ್ಚಿಕೊಳ್ಳುವುದು ಮೇಲು.

ಪ್ರಶ್ನೆ ಕೇಳಿದವರು: ನವಜಾತ ಶಿಶುವಿಗೆ ಆಂಬು ಬ್ಯಾಗ್ (ಮಾಸ್ಕಿನ ಮೂಲಕ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿಯುವುದನ್ನೂ ಹೀಗೆಯೇ ಕಲಿಸಬಹುದೇ?

ಉತ್ತರ (ಬೀದರ್): ಎದೆ ಏರುವುದು ಕ್ಯಾಮೆರಾದಲ್ಲಿ ಕಾಣುತ್ತದೆ, ಆದರೆ ಮಾಸ್ಕಿನ ಅಂಚಿನಿಂದ ಗಾಳಿ ಸೋರುವಾಗ ಬೆರಳನ್ನು ಹಿಡಿದು ತಿದ್ದುವವರು ಪಕ್ಕದಲ್ಲೇ ಇರಬೇಕು. ಅದಕ್ಕೊಂದು ದಿನ ಶಿಕ್ಷಕರನ್ನೇ ಸುರಪುರಕ್ಕೆ ಕರೆಸಿಕೊಳ್ಳಿ.