ವಿಷಯ: ಹೆನ್ಲಿ ರೆಗಾಟ – 'ನಾಕೌಟ್', 'ಕಾಕ್ಸ್', 'ಲೇನ್' ಕನ್ನಡದಲ್ಲಿ? (ತುರ್ತು)

ಗೆಳೆಯರೆ,

ನಮ್ಮ ಕನ್ನಡ ಸಂಘದ ಪತ್ರಿಕೆ ಗುರುವಾರ ರಾತ್ರಿ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಒಂದು ಪುಟ ನನ್ನ ತಲೆಗೆ ಬಂದಿದೆ. ತಂಗಿಯ ಮಗ ಕಾಲೇಜಿನ ದೋಣಿ ತಂಡದಲ್ಲಿದ್ದಾನೆ. ಈ ವಾರ ಇಂಗ್ಲೆಂಡಿನ ಹೆನ್ಲಿಯಲ್ಲಿ ರೆಗಾಟ, ಅಂದರೆ ದೋಣಿ ಸ್ಪರ್ಧೆ. ಪುಟ ಬರೆದಿದ್ದೇನೆ, ಆದರೆ ಮೂರ್ನಾಲ್ಕು ಕಡೆ ಪದ ಸಿಗದೆ ಜಾಗ ಖಾಲಿ ಬಿಟ್ಟಿದ್ದೇನೆ.

ಆಟ ಹೀಗಿದೆ. ಥೇಮ್ಸ್ ನದಿಯಲ್ಲಿ 2,112 ಮೀಟರ್ ನೇರ ದಾರಿ. ಒಂದು ಸಲಕ್ಕೆ ಎರಡೇ ದೋಣಿ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಸೀದಾ ಮನೆಗೆ. ಇವರದು ಟೆಂಪಲ್ ಚಾಲೆಂಜ್ ಕಪ್, ವಿದ್ಯಾರ್ಥಿಗಳ ಎಂಟು ಹುಟ್ಟಿನ ದೋಣಿಗಳಿಗೆ ಮೀಸಲು. 32 ದೋಣಿ, ಐದು ಸುತ್ತು. 'ನಾಕೌಟ್'ಗೆ ಏನು ಬರೆಯಲಿ?

ಎರಡನೆಯದು 'ಕಾಕ್ಸ್'. ಎಂಟು ಜನ ಗುರಿಗೆ ಬೆನ್ನು ಹಾಕಿ ಕೂತು ಹುಟ್ಟು ಹಾಕುತ್ತಾರೆ. ಮುಂದೆ ನೋಡುವವನು ಒಂಬತ್ತನೆಯವನೊಬ್ಬನೇ. ದಿಕ್ಕು ಹಿಡಿಯುವುದು, ಲಯ ಹೇಳುವುದು, ಕೂಗುವುದು ಅವನ ಕೆಲಸ. ಗೆದ್ದರೆ ಅವನನ್ನೇ ಎತ್ತಿ ನೀರಿಗೆ ಎಸೆಯುವುದು ವಾಡಿಕೆ. ನಮ್ಮ ಹುಡುಗ ಅವನೇ. ಹಾಗಾಗಿ ಈ ಪದ ತಪ್ಪಬಾರದು.

ಇನ್ನೊಂದು ತಮಾಷೆಯ ತೊಂದರೆ. ಎಂಟು ಜನರ ದೋಣಿಗೆ 'ಎಂಟರ ದೋಣಿ' ಅಂದೆ. ಕ್ವಾರ್ಟರ್‌ಫೈನಲ್‌ಗೆ ಪೇಪರಿನವರು 'ಎಂಟರ ಘಟ್ಟ' ಅನ್ನುತ್ತಾರೆ. ಈಗ ನನ್ನ ವಾಕ್ಯ 'ಎಂಟರ ದೋಣಿ ಎಂಟರ ಘಟ್ಟ ತಲುಪಿದರೆ' ಅಂತಾಗಿದೆ. ನನಗೇ ನಗು ಬಂತು.

– ರೆಡಿಂಗ್‌ನವ

*

ರೋಯಿಂಗ್. ನಾಕೌಟ್. ಕ್ವಾರ್ಟರ್‌ಫೈನಲ್. ಕಾಕ್ಸ್‌ಗೆ 'ಕಾಕ್ಸ್'. ಮುಗೀತು.

ಮೂವತ್ತು ವರ್ಷ ಕ್ರೀಡಾಪುಟ ಮಾಡಿದ್ದೇನೆ. ನಾಕೌಟ್ ಅಂದರೇನು ಅಂತ ಕೇಳಿ ಒಬ್ಬ ಓದುಗನೂ ಪತ್ರ ಬರೆದಿಲ್ಲ. ಹಳ್ಳಿಯ ಕಬಡ್ಡಿ ಪಂದ್ಯದ ಬ್ಯಾನರಿನಲ್ಲೂ ಅದೇ ಇರುತ್ತೆ. ತಲೆಬರಹ ಬೇಕಿದ್ದರೆ ಪುಕ್ಕಟೆ ಕೊಡ್ತೀನಿ: 'ಥೇಮ್ಸ್‌ನಲ್ಲಿ ನಮ್ಮ ಅಂಬಿಗ'.

– ಹಳೇ ಡೆಸ್ಕ್

*

ಕೇಳಿದ್ದು ಕನ್ನಡದ ಪದ. ಕೊಟ್ಟಿದ್ದು ಇಂಗ್ಲಿಶಿನದು. ಇದಕ್ಕೆ ಮೂವತ್ತು ವರುಶ ಬೇಕಾಯಿತಾ?

'ನಾಕೌಟ್' ಅಂದರೆ ಹೊಡೆದು ಕೆಡವುವುದು. ದೋಣಿಯಲ್ಲಿ ಯಾರು ಯಾರನ್ನು ಹೊಡೆಯುತ್ತಾರೆ? ಸೋತವರು ಸಾಲಿನಿಂದ ಕಳಚಿಕೊಳ್ಳುತ್ತಾರೆ, ಅಶ್ಟೇ. 'ಕಳಚಾಟ' ಅನ್ನಿ. ರೆಗಾಟಕ್ಕೆ 'ದೋಣಿ ಪಯ್ಪೋಟಿ'. ಕಾಕ್ಸ್‌ಗೆ 'ಚುಕ್ಕಾಣಿಗ', ಇದು ಅಪ್ಪಟ ಕನ್ನಡ. 'ಸ್ಪರ್ದೆ', 'ವಿದ್ಯಾರ್ತಿ' ಇವನ್ನೂ ತೆಗೆದರೆ ಪುಟ ಇನ್ನೂ ಚೆನ್ನಾಗುತ್ತದೆ. ಹೊಸ ಪದ ಬಳಸುತ್ತಾ ಹೋದರೆ ತಾನಾಗಿ ರೂಡಿಯಾಗುತ್ತದೆ. ಇಂಟರ್‌ನೆಟ್‌ಗೆ 'ಮಿಂಬಲೆ' ರೂಡಿ ಆಗಲಿಲ್ಲವಾ?

– ನುಡಿಬಳಗದವ

*

ಆಗಲಿಲ್ಲ.

– ಹಳೇ ಡೆಸ್ಕ್

*

ಚುಕ್ಕಾಣಿ ಅಪ್ಪಟ ಕನ್ನಡವೇನ್ರಿ? ಅದು ಅರಬ್ಬಿಯ 'ಸುಕ್ಕಾನ್'. ಅರಬ್ಬಿ ಹಡಗುಗಳ ಜೊತೆ ಪಡುವಣ ಕರಾವಳಿಗೆ ಬಂದಿಳಿದ ಪದ. ಹಡಗಿನ ಲಂಗರೂ ಪಾರ್ಸಿಯದು. ಮಹಾಪ್ರಾಣ ಕಿತ್ತೊಗೆದ ಮಾತ್ರಕ್ಕೆ ಪದದ ಊರು ಬದಲಾಗೋದಿಲ್ಲ.

ನನಗೆ ಇಲ್ಲಿ ನಿಜವಾಗಿ ಖುಷಿ ಕೊಟ್ಟದ್ದು 'ಹುಟ್ಟು'. ಇದರ ಬಗ್ಗೆ ಯಾರೂ ಮಾತಾಡುತ್ತಿಲ್ಲ! ಹುಟ್ಟು ಅಂದರೆ ದೋಣಿ ನಡೆಸೋ ಕೋಲು, ಹಾಗೇ ಮರದ ಸೌಟು. ಎರಡರ ಆಕಾರ ನೋಡಿ: ಉದ್ದ ಹಿಡಿ, ತುದಿಗೆ ಅಗಲದ ಎಲೆ. ಒಂದು ನೀರು ತಿರುವುತ್ತದೆ, ಒಂದು ಸಾರು ತಿರುವುತ್ತದೆ. ತಮಿಳಿನ 'ತುಡುಪ್ಪು' ಕೂಡ ಹೀಗೇ, ಸೌಟೂ ಹೌದು ಹುಟ್ಟೂ ಹೌದು. ಇದರ ಹಳೆಯ ರೂಪ 'ಪುಟ್ಟು'. ಪಾಲು ಹಾಲಾಯಿತಲ್ಲ, ಅದೇ ದಾರಿ. ಜನ್ಮದ ಹುಟ್ಟೂ ಮೊದಲು ಪುಟ್ಟೇ. ಬೇರೆ ಬೇರೆ ಎರಡು ಪದ ಒಂದೇ ದಾರಿಯಲ್ಲಿ ನಡೆದು ಒಂದೇ ಮನೆಗೆ ಬಂದು ಸೇರಿವೆ. ಹಾಗಾಗಿ ರೆಡಿಂಗ್‌ನವರೇ, 'ರೋಯಿಂಗ್' ಅಂತ ಬರೀಬೇಡ್ರಿ. 'ಹುಟ್ಟು ಹಾಕು' ಅನ್ನೋ ಚೆಂದದ ಮಾತು ಇದೆ.

ಅಂಬಿಗ ಒಳ್ಳೆಯ ಪದ. 'ಅಂಬಿ' ಅಂದರೆ ದೋಣಿ, ಹಳೆಯ ತಮಿಳಿನಲ್ಲೂ ಉಂಟು. ಆದರೆ ದೋಣಿ ಸಂಸ್ಕೃತದ ದ್ರೋಣಿಯಿಂದ ಬಂತೋ, ದ್ರೋಣಿಯೇ ನಮ್ಮ ದೋಣಿಯಿಂದ ಹೋಯಿತೋ, ಆ ಜಗಳ ಇಲ್ಲಿ ಬೇಡ.

– ಧಾರವಾಡದ ಮೇಷ್ಟ್ರು

*

ಮೇಷ್ಟ್ರೇ, ಹುಟ್ಟಿನ ಮಾತು ಚೆನ್ನಾಗಿದೆ. ಆದರೆ 'ಹುಟ್ಟು ಹಾಕುವ ಸ್ಪರ್ಧೆ' ಅಂತ ಬರೆದರೆ ನಮ್ಮ ಸಂಘದ ಅರ್ಧ ಜನ ಹೆರಿಗೆ ಆಸ್ಪತ್ರೆ ಅಂದುಕೊಳ್ಳುತ್ತಾರೆ.

'ಕಳಚಾಟ' ಸೂಚಿಸಿದವರಿಗೆ: ಹೊಡೆತದ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಕಾಲೇಜುಗಳ ನಡುವೆ 'ಬಂಪ್ಸ್' ಅಂತ ಇನ್ನೊಂದು ಬಗೆ ಇದೆ. ನದಿ ಕಿರಿದು, ಅಕ್ಕಪಕ್ಕ ಓಡುವುದಕ್ಕೆ ಜಾಗವಿಲ್ಲ. ಅದಕ್ಕೆ ದೋಣಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ ಬಿಡುತ್ತಾರೆ. ಮುಂದಿನದನ್ನು ಬೆನ್ನಟ್ಟಿ ಮುಟ್ಟಿದರೆ ಮರುದಿನ ಅವರ ಜಾಗ ನಿಮಗೆ. ಅಲ್ಲಿ ಹೊಡೆತ ಇದೆ, ನಾಕೌಟ್ ಇಲ್ಲ. ಹೆನ್ಲಿಯಲ್ಲಿ ನಾಕೌಟ್ ಇದೆ, ಹೊಡೆತ ಇಲ್ಲ.

ಇನ್ನು 'ಅಂಬಿಗ'. ತಲೆಬರಹ ನನಗೂ ಇಷ್ಟವಾಯಿತು, ಆದರೆ ಹೆನ್ಲಿಯಲ್ಲಿ ಅದು ಚುಚ್ಚುತ್ತದೆ. ಈ ರೆಗಾಟ ಶುರುವಾದದ್ದು 1839ರಲ್ಲಿ. 1879ರಲ್ಲಿ ಅವರು ಒಂದು ನಿಯಮ ಬರೆದರು. ದೋಣಿಯ ಕೆಲಸ ಮಾಡಿ ಹಣ ಪಡೆದವರು, ಕೂಲಿಯವರು, ಕುಶಲಕರ್ಮಿಗಳು, ಯಂತ್ರದ ಕೆಲಸದವರು ಇಲ್ಲಿ ಸ್ಪರ್ಧಿಸುವ ಹಾಗಿಲ್ಲ ಅಂತ. ಕೂಲಿಯವರನ್ನು ಹೊರಗಿಟ್ಟ ಸಾಲು 1937ರವರೆಗೂ ಇತ್ತು. ಅಂದರೆ ನಿಜವಾದ ಅಂಬಿಗನಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಈಗ ಕಾಲೇಜು ಹುಡುಗನಿಗೆ ಆ ಹೆಸರು ಇಡಲು ಮನಸ್ಸು ಒಪ್ಪುತ್ತಿಲ್ಲ.

ನಾಳೆ ಬೆಳಿಗ್ಗೆ ಅವನ ಮೊದಲ ಸುತ್ತು. ದಯವಿಟ್ಟು ಕಾಕ್ಸ್‌ಗೆ ಏನಾದರೂ ಕೊಡಿ.

– ರೆಡಿಂಗ್‌ನವ

*

ಅದೇ ಕಾರಣಕ್ಕೆ ಇಡಬೇಕು ಅಂತ ನಾನು ಹೇಳೋದು. ಅಂಬಿಗ ನಮ್ಮ ಕಡೆ ಒಂದು ಸಮುದಾಯದ ಹೆಸರು. ಚುಚ್ಚಿದರೆ ಚುಚ್ಚಲಿ. ಆದರೆ ನಿಮ್ಮ ಪುಟ, ನಿಮ್ಮಿಷ್ಟ.

ಕಾಕ್ಸ್‌ಗೆ ಪದ ಹುಟ್ಟಿಸೋದು ಬೇಡ. ಇದೆ. ಮಲ್ಪೆ ಬಂದರಿಗೆ ಹೋಗಿ ಯಾರನ್ನಾದರೂ ಕೇಳಿ, ದೋಣಿ ನಡೆಸೋನಿಗೆ 'ತಾಂಡೇಲ' ಅಂತಾರೆ. ಅವನ ಮಾತಿಗೆ ಉಳಿದವರು ಕೈ ಆಡಿಸ್ತಾರೆ. ನಿಮ್ಮ ಹುಡುಗ ಮಾಡೋದೂ ಅದೇ ಅಲ್ವಾ? ಆದರೆ ತಾಂಡೇಲನನ್ನು ಎತ್ತಿ ನೀರಿಗೆ ಎಸೆದವನು ನಮ್ಮಲ್ಲಿ ಮರುದಿನ ದೋಣಿ ಹತ್ತೋ ಹಾಗಿಲ್ಲ!

ಮತ್ತೆ, ವಿಷಯದ ಸಾಲಿನಲ್ಲಿ 'ಲೇನ್' ಅಂತ ಹಾಕಿ ಒಳಗೆ ಕೇಳೋದನ್ನೇ ಮರೆತಿದ್ದೀರಿ. ಎರಡೇ ದಾರಿ, ಒಮ್ಮೆಗೆ ಇಬ್ಬರೇ, ಸೋತವರು ಆಚೆ. ಇದನ್ನು ಓದುವಾಗ ನನಗೆ ಕಣ್ಣೆದುರಿಗೆ ಬಂದದ್ದು ಕಂಬಳ. ಜೋಡುಕರೆ ಕಂಬಳದಲ್ಲಿ ಅಕ್ಕಪಕ್ಕ ಎರಡು ಕರೆ, ಅಂದರೆ ಕೋಣ ಓಡೋ ಕೆಸರಿನ ದಾರಿ, ಇರುತ್ತವೆ, ಎರಡು ಜೋಡಿ ಕೋಣ ಒಟ್ಟಿಗೆ ಬಿಡ್ತಾರೆ. ಕೊನೆಯ ಸುತ್ತುಗಳಲ್ಲಿ ಸೋತ ಜೋಡಿ ಹೊರಗೆ. ಕರೆಗಳಿಗೆ ಹೆಸರೂ ಉಂಟು. ಪುತ್ತೂರಿನಲ್ಲಿ ಕೋಟಿ–ಚೆನ್ನಯ, ಉಪ್ಪಿನಂಗಡಿಯಲ್ಲಿ ವಿಜಯ–ವಿಕ್ರಮ. ಬಿಡುವ ಕಡೆ ಗಂತು, ಮುಟ್ಟುವ ಕಡೆ ಮಂಜೊಟ್ಟಿ. ಹೆನ್ಲಿಯ ದಾರಿಗಳಿಗೂ ಹೆಸರು ಉಂಟಾ?

ಒಂದು ಮಾತು ಮುಚ್ಚಿಡಲ್ಲ. ಕಂಬಳದ ಮೈಕಿನಲ್ಲೂ ಸೆಮಿಫೈನಲ್‌ಗೆ ಸೆಮಿಫೈನಲ್ ಅಂತಲೇ ಕೂಗೋದು.

– ಉಡುಪಿಯಿಂದ

*

ಅಕ್ಕ, ಹೆಸರು ಇದೆ! ಒಂದು 'ಬರ್ಕ್ಸ್', ಇನ್ನೊಂದು 'ಬಕ್ಸ್'. ಬರ್ಕ್‌ಶೈರ್ ದಡದ ಕಡೆಯದು, ಬಕಿಂಗ್‌ಹ್ಯಾಮ್‌ಶೈರ್ ದಡದ ಕಡೆಯದು. ಫಲಿತಾಂಶದ ಪಟ್ಟಿಯಲ್ಲೂ ಯಾರು ಯಾವ ಕಡೆ ಅಂತ ಹಾಗೇ ಬರೆಯುತ್ತಾರೆ. 'ಬರ್ಕ್ಸ್ ಕರೆಯಲ್ಲಿ ನಮ್ಮ ಹುಡುಗರು'. ಎಷ್ಟು ಸಲೀಸಾಗಿ ಕೂತಿತು ನೋಡಿ.

– ರೆಡಿಂಗ್‌ನವ

*

ಕೂರದೆ ಏನು? 'ಕರೆ' ಅಂದರೇ ದಡ. ತಮಿಳಿನ 'ಕರೈ', ತುಳುವಿನ 'ಕರೆ', ಸೀರೆಯ ಅಂಚಿಗೂ ಅದೇ ಕರೆ. ಕಂಬಳದ ಕರೆಯೂ ಇದೇ ಇರಬೇಕು ಅಂತ ನನ್ನ ಅನಿಸಿಕೆ. ಆ ದೊರೆಗಳು ದಡದ ಹೆಸರನ್ನು ದಾರಿಗೆ ಇಟ್ಟಿದ್ದಾರೆ. ನಾವು ದಡ ಅನ್ನೋ ಪದವನ್ನೇ ದಾರಿಗೆ ಇಟ್ಟಿದ್ದೇವೆ. ಇಂಥದ್ದು ವರ್ಷಕ್ಕೊಂದು ಸಿಕ್ಕರೆ ಸಾಕು ನನಗೆ.

– ಧಾರವಾಡದ ಮೇಷ್ಟ್ರು

*

ಕೋಣ ಓಡೋ ಪದ ತಂದು ಬಿಳಿಯರ ದೋಣಿಗೆ ಕಟ್ಟಿದರೆ ಓದುಗನಿಗೆ ಅರ್ಥವಾಗುವುದು ಯಾವಾಗ? 'ಕರೆ' ಅಂದರೆ ಬೆಂಗಳೂರಿನವನಿಗೆ ಫೋನ್ ಕರೆ, ಬಂದ್ ಕರೆ. 'ಲೇನ್' ಅಂದರೆ ಎಲ್ಲರಿಗೂ ಗೊತ್ತು.

– ಹಳೇ ಡೆಸ್ಕ್

*

ಬೆಂಗಳೂರಿನವನಿಗೆ ಗೊತ್ತಿಲ್ಲದ್ದು ಕನ್ನಡವೇ ಅಲ್ಲ ಅಂತಲಾ? ತುಳುವಿನ ಪದ ಹೊರಗಿನದಲ್ಲ, ಒಡಹುಟ್ಟು. 'ಕರೆ'ಗೆ ನನ್ನ ಒಪ್ಪಿಗೆ ಇದೆ. ಆದರೆ 'ರೆಗಾಟ' ಯಾಕೆ ಉಳಿಯಬೇಕು?

– ನುಡಿಬಳಗದವ

*

ಯಾಕಂದ್ರೆ ಅದು ಇಂಗ್ಲಿಷರದೂ ಅಲ್ಲ. ವೆನಿಸ್‌ನವರ ಮಾತು. ದೋಣಿ ಓಟಕ್ಕೆ ಅವರಿಟ್ಟ ಹೆಸರು. 1775ರಲ್ಲಿ ಥೇಮ್ಸ್ ಮೇಲೆ ಅಂಥದೊಂದು ನಡೆಸಿದಾಗ ಇಂಗ್ಲಿಷರು ಪದವನ್ನೂ ಜೊತೆಗೇ ಎತ್ತಿಕೊಂಡರು, ನಾಚಿಕೊಳ್ಳಲಿಲ್ಲ. ತಮಿಳರ ಕಟ್ಟುಮರವನ್ನು ಕ್ಯಾಟಮರಾನ್ ಮಾಡಿಕೊಂಡರು, ನಮ್ಮ ದೇಶದ ಡಿಂಗಿಯನ್ನು ಹಾಗೇ ಇಟ್ಟುಕೊಂಡರು. ನೀರಿನ ಮೇಲಿನ ಪದಗಳು ಬಂದರಿನಿಂದ ಬಂದರಿಗೆ ಹೋಗ್ತಾವ. ಅವಕ್ಕೆ ಪಾಸ್‌ಪೋರ್ಟ್ ಕೇಳೋರು ನೀವೊಬ್ಬರೇ.

– ಧಾರವಾಡದ ಮೇಷ್ಟ್ರು

*

ಅವರು ತಮಗೆ ಇಲ್ಲದ್ದನ್ನು ತೆಗೆದುಕೊಂಡರು. ನಾವು ಇರುವುದನ್ನು ಬಿಸಾಕಿ ತೆಗೆದುಕೊಳ್ಳುತ್ತಿದ್ದೇವೆ. ಇದೂ ಅದೂ ಒಂದೇನಾ? ಮೇಶ್ಟ್ರು ಇದಕ್ಕೆ ಉತ್ತರ ಹೇಳಲಿ. ಪಾಸ್‌ಪೋರ್ಟ್ ತಮಾಶೆ ಬೇಡ.

– ನುಡಿಬಳಗದವ

*

ನಾಕೌಟ್‌ಗೆ ಬಿಸಾಕುವಂಥದ್ದು ಏನಿತ್ತು ನಿಮ್ಮ ಹತ್ತಿರ? ಈ ಸೋಮವಾರ ಮಾಡಿದ ಕಳಚಾಟವಾ?

– ಹಳೇ ಡೆಸ್ಕ್

*

ಎಲ್ಲರಿಗೂ,

ಸೋತರು. ಮೊದಲ ಸುತ್ತಿನಲ್ಲೇ. ಒಂದೂಕಾಲು ದೋಣಿಯುದ್ದ. ಎಂಟರ ದೋಣಿ 18 ಮೀಟರ್ ಹತ್ತಿರ ಇರುತ್ತದೆ, ಹಾಗಾಗಿ ಇಪ್ಪತ್ತು ಮೀಟರಿಗಿಂತ ಚೂರು ಜಾಸ್ತಿ. ದೊಡ್ಡ ಅಂತರವಾದರೆ ಇಲ್ಲಿ ಲೆಕ್ಕ ಬರೆಯದೆ 'ಸುಲಭವಾಗಿ' ಅಂತ ಒಂದೇ ಪದ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇವರಿಗೆ ಅದನ್ನು ಬರೆಯಲಿಲ್ಲ ಅನ್ನುವುದೇ ಸಮಾಧಾನ. ಅರ್ಧ ದಾರಿಯವರೆಗೆ ಸಮಸಮ ಇದ್ದರು. ಆಮೇಲೆ ಆ ಕಡೆಯವರು ಪ್ರತಿ ಹುಟ್ಟಿಗೂ ಒಂದಿಷ್ಟು ಒಂದಿಷ್ಟು ಅಂತ ಸರಿದುಬಿಟ್ಟರು. ಬೆನ್ನು ಹಾಕಿ ಕೂತವರಿಗೆ ಎದುರಾಳಿ ಮುಂದೆ ಹೋದರೆ ಕಾಣುವುದಿಲ್ಲ. ಕಾಣುವುದು ಕಾಕ್ಸ್‌ಗೆ ಮಾತ್ರ. 'ಅವರು ಮುಂದಿದ್ದಾರೆ ಅಂತ ಹೇಳಲೇ ಇಲ್ಲ ಮಾವ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತಲೇ ಕೂಗ್ತಾ ಇದ್ದೆ' ಅಂದ.

ಎಂಟರ ದೋಣಿ ಎಂಟರ ಘಟ್ಟದ ತೊಂದರೆ ಹೀಗೆ ತಾನಾಗಿ ಬಗೆಹರಿಯಿತು.

ಪುಟ ಕಳಿಸಿದ್ದೇನೆ. 'ರೆಗಾಟ' ಇದೆ, 'ನಾಕೌಟ್' ಒಂದೇ ಸಲ ಇದೆ, ಉಳಿದ ಕಡೆ 'ಸೋತರೆ ಆಚೆ' ಅಂತ ಬಿಡಿಸಿ ಬರೆದೆ. 'ಕರೆ' ಇದೆ, ಪಕ್ಕದಲ್ಲಿ ಕಂಬಳದ ಬಗ್ಗೆ ಎರಡು ಸಾಲು ಸೇರಿಸಿದ್ದೇನೆ. ಕಾಕ್ಸ್ 'ತಾಂಡೇಲ' ಆಗಿದ್ದಾನೆ. ಫೋನಿನಲ್ಲಿ ಹೇಳಿದಾಗ ಎರಡು ಸಲ ಹೇಳಿಸಿಕೊಂಡ, ಆಮೇಲೆ ಮೊದಲ ಸಲ ನಕ್ಕ. ಐವತ್ತೈದು ಕಿಲೋ ತೂಕದ ತಾಂಡೇಲ. ನೀರಿಗೆ ಎಸೆಯುವ ಸಂದರ್ಭ ಬರಲಿಲ್ಲ ಅಕ್ಕ, ಒಣಗಿದ ಬಟ್ಟೆಯಲ್ಲೇ ಮನೆಗೆ ಬಂದ.

– ರೆಡಿಂಗ್‌ನವ

*

ಮುಂದಿನ ವರ್ಷ ಒದ್ದೆಯಾಗಿ ಬರಲಿ.

– ಉಡುಪಿಯಿಂದ

*

'ಕಳಚಾಟ' ಹಾಕಿಲ್ಲ ಅಲ್ವಾ. ಗೊತ್ತಿತ್ತು.

– ನುಡಿಬಳಗದವ